ತೂಬಿನ ಬೀಗ

ಮನೆಗೆ ಕರೆಂಟು ಮಾಡಿಕೊಳ್ಳಲು ದೂಮಣ್ಣ ತೊರೆಯ ಬದಿಯಲ್ಲಿ ಟರ್ಬೈನ್ ಕೂರಿಸುತ್ತಿದ್ದ. ಮೇಲೆ ನೀರು ಬಿಡುವ ತೂಬಿನ ಹಲಗೆಗೆ ಮೊದಲು ಬೀಗ ಜಡಿದ. ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡ. ಆಮೇಲೆಯೇ ಕೆಳಗಿಳಿದು ಟರ್ಬೈನಿನ ಚಕ್ರದೊಳಗೆ ಕೈ ಹಾಕಿದ.

ಹೊಸ ಚಕ್ರಕ್ಕೆ ತಾಳ್ಮೆ ಎಲ್ಲಿಯದು? "ಎಲೈ ಬೀಗವೇ, ನಾನು ತಿರುಗಲೆಂದೇ ಹುಟ್ಟಿದವನು. ಬಾಯಿ ಬಿಡು!" ಎಂದು ಕೂಗಿತು.

"ಕೀಲಿ ಬರಲಿ," ಎಂದಿತು ಬೀಗ.

"ತುಕ್ಕು ಹಿಡಿದವನಿಗೆ ಇಷ್ಟು ಸೊಕ್ಕೇ!"

"ಸೊಕ್ಕೆಂದರೂ ಸರಿ. ಕೀಲಿ ಬರಲಿ."

ಅಷ್ಟರಲ್ಲಿ ದೂಮಣ್ಣನ ಹೆಂಡತಿ ಸೇಸಮ್ಮ ತೂಬಿನ ಬಳಿ ಬಂದಳು. ಪೊದೆಯ ಮರೆಯಲ್ಲಿ ಗಂಡ ಕಾಣಲಿಲ್ಲ. ಕೆಲಸ ಮುಗಿಯಿತೆಂದುಕೊಂಡು ಹಲಗೆ ಎಳೆದಳು. ಅದು ಬಾರದಿದ್ದಾಗ ಕಲ್ಲೆತ್ತಿ ಬೀಗಕ್ಕೆ ಕುಟ್ಟಿದಳು. ಮೈಯೆಲ್ಲ ನೆಗ್ಗಿದರೂ ಬೀಗ ಬಾಯಿ ಬಿಡಲಿಲ್ಲ.

"ಇದಕ್ಕೆ ಬೀಗ ಯಾಕೆ ಮಾರಾಯ್ರೆ?" ಎಂದು ಅವಳು ಕೂಗಿದಳು.

"ನನ್ನ ಕೈ ಚಕ್ರದೊಳಗಿದೆ ಮಾರಾಯ್ತಿ!" ಎಂದು ಕೆಳಗಿನಿಂದ ಉತ್ತರ ಬಂತು. ಸೇಸಮ್ಮನ ಕೈಯಿಂದ ಕಲ್ಲು ಜಾರಿಬಿತ್ತು.

ಕೆಲಸ ಮುಗಿಸಿ ದೂಮಣ್ಣನೇ ಹತ್ತಿ ಬಂದು ಕೀಲಿ ಹಾಕಿದ. ಬೀಗ ಒಂದೇ ತಿರುವಿಗೆ ತೆರೆದುಕೊಂಡಿತು.

"ಅಷ್ಟು ಪೆಟ್ಟಿಗೂ ಜಗ್ಗದವನು ಈಗ ಹೇಗೆ ಬಿಟ್ಟೆ?" ಎಂದು ಚಕ್ರ ಕೇಳಿತು.

"ಕೀಲಿ ತಿರುಗಿಸಿದ ಕೈಯಲ್ಲಿ ಐದೂ ಬೆರಳು ಇದ್ದವು," ಎಂದಿತು ಬೀಗ.