ಗಾಳಿಗೆ ಹೆಸರಿಟ್ಟ ಅಜ್ಜಿ

"ಗುರುಗಳೇ, ಹೊಳೆಯಾಚೆಯ ಊರನ್ನು ಸುಂಟರಗಾಳಿ ಗುಡಿಸಿಕೊಂಡು ಹೋಯಿತಲ್ಲ, ಅದು ಯಾರ ಪಾಪದ ಫಲ?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಬಯಲಿನಲ್ಲಿ ಒಂದು ಊರಿತ್ತು. ಹತ್ತು ಹನ್ನೆರಡು ವರ್ಷಕ್ಕೊಮ್ಮೆ ಚೈತ್ರದಲ್ಲಿ ಅಲ್ಲಿಗೆ ಸುಂಟರಗಾಳಿ ಬರುತ್ತಿತ್ತು. ಬಂದರೆ ಒಂದಲ್ಲ, ಒಂದರ ಬೆನ್ನಿಗೆ ಇನ್ನೊಂದು. ಆ ಗಾಳಿಗಳ ಚರಿತ್ರೆಯೆಲ್ಲ ಒಬ್ಬ ಅಜ್ಜಿಯ ನಾಲಿಗೆಯ ಮೇಲಿತ್ತು. ಹನ್ನೆರಡು ಜನರನ್ನು ಕೊಂದದ್ದು ಗೌಡನ ಗಾಳಿ. ಅವನು ನಾದಿನಿಯ ಜೊತೆ ಕಣದಲ್ಲಿ ಸಿಕ್ಕಿಬಿದ್ದ ವರ್ಷದ್ದು. ಮೂವತ್ತು ಜನರನ್ನು ಕೊಂದದ್ದು ಪೂಜಾರಿಯ ಗಾಳಿ. ದೇವಿಯ ಸೀರೆ ಯಾರ ಮೈಮೇಲೆ ಕಂಡಿತೆಂಬುದನ್ನು ಅಜ್ಜಿ ದನಿ ತಗ್ಗಿಸಿ, ಎಲ್ಲರಿಗೂ ಕೇಳಿಸುವ ಹಾಗೆ ಹೇಳುತ್ತಿದ್ದಳು. ಗಾಳಿ ಯಾವ ದಿಕ್ಕಿನಿಂದ ಬಂತೆಂಬುದು ಮಾತ್ರ ಊರಲ್ಲಿ ಒಬ್ಬರಿಗೂ ನೆನಪಿರಲಿಲ್ಲ.

ಕೊನೆಯದು ಕುಂಬಾರಗಿತ್ತಿಯ ಗಾಳಿ. ಅಂದು ಅವಳ ಓಣಿಯವರೆಲ್ಲ ಸತ್ತರು, ಅವಳೊಬ್ಬಳು ಉಳಿದಳು. ಗುಂಡಿಯಲ್ಲಿ ಮಣ್ಣು ಅಗೆಯುತ್ತಿದ್ದೆ ಎಂದಳು. ಒಬ್ಬಳೇ ಇದ್ದೆಯಾ ಎಂದು ಅಜ್ಜಿ ಕೇಳಿದಳು. ಅಷ್ಟು ಸಾಕಾಯಿತು. ಸಂಜೆಯೊಳಗೆ ಬಳೆಗಾರನ ಹೆಸರೂ ಕೂಡಿಕೊಂಡಿತು. ಆ ಗುಂಡಿಗೆ ಇಳಿದವರ ವಂಶ ಉಳಿಯುವುದಿಲ್ಲವೆಂದು ಅಜ್ಜಿ ಮನೆಮನೆಗೆ ಹೋಗಿ ಹೇಳಿ ಬಂದಳು. ಊರವರು ಕುಂಬಾರಗಿತ್ತಿಯನ್ನು ಊರಾಚೆಗೆ ಅಟ್ಟಿದರು. ಅವಳು ಗುಂಡಿಯ ಪಕ್ಕ ಗುಡಿಸಲು ಹಾಕಿಕೊಂಡು, ಪ್ರತಿ ಚೈತ್ರವನ್ನೂ ಅಂದು ಗಾಳಿ ಬಂದಿದ್ದ ನೈಋತ್ಯದ ಆಕಾಶ ನೋಡುತ್ತ ಕಳೆದಳು.

ಹನ್ನೊಂದನೆಯ ಚೈತ್ರದ ಒಂದು ಮಧ್ಯಾಹ್ನ ಅವಳು ಊರೊಳಗೆ ಓಡಿ ಬಂದಳು. ಅಜ್ಜಿ ಜಗಲಿಯಲ್ಲಿ ಕೂತು ಮೊಮ್ಮಗಳ ತಲೆಯಲ್ಲಿ ಹೇನು ನೋಡುತ್ತಿದ್ದಳು.

"ಅಜ್ಜೀ, ಮೋಡದಿಂದ ಮೂರು ಸೊಂಡಿಲು ಇಳಿದಿವೆ. ಮಗುವನ್ನು ಎತ್ತಿಕೊಂಡು ಗುಂಡಿಗೆ ಬಾ. ಬೈಯುವುದಿದ್ದರೆ ಅಲ್ಲೇ ಕೂತು ಬೈಯುವೆಯಂತೆ."

ಅಜ್ಜಿ ತಲೆ ಎತ್ತಿದಳು. ಆಕಾಶಕ್ಕೆ ತಾಮ್ರದ ಕಿಲುಬಿನ ಬಣ್ಣ ಬಂದಿತ್ತು. ಮೊಮ್ಮಗಳನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಎದ್ದು ಮಗನನ್ನು ಕರೆದಳು. ಅವನು ಹೊಸ್ತಿಲು ದಾಟಲಿಲ್ಲ.

"ವಂಶ ಉಳಿಯುವುದಿಲ್ಲ ಅಂತ ನೀನೇ ಅಲ್ಲವೇನವ್ವ ಹೇಳಿದ್ದು?"

ಅದು ಸುಳ್ಳು, ನಾನೇ ಕಟ್ಟಿದ್ದು ಎಂದು ಅಜ್ಜಿ ಅಂಗಲಾಚಿದಳು. ಹುಟ್ಟಿದಾಗಿನಿಂದ ತಾಯಿಯ ಮಾತನ್ನೆಲ್ಲ ನಂಬಿದ ಮಗ ಅದೊಂದನ್ನು ಮಾತ್ರ ನಂಬಲಿಲ್ಲ. ಒಳಗೆ ಹೋಗಿ ಅಗುಳಿ ಹಾಕಿಕೊಂಡ.

ಗುಂಡಿಯ ತಳದಲ್ಲಿ ಮೂವರೂ ಮಣ್ಣಿಗೆ ಅಂಟಿಕೊಂಡು ಮಲಗಿದರು. ಸಾವಿರ ಬೀಸುಕಲ್ಲು ಒಟ್ಟಿಗೆ ತಿರುಗಿದ ಸದ್ದು. ಅಜ್ಜಿ ಒಂದು ಕಣ್ಣು ತೆರೆದಳು. ತೊಲೆ, ಗಾಡಿ, ನೊಗ ಕಳಚದ ಜೋಡಿ ಎತ್ತು, ಎಲ್ಲವೂ ಆಕಾಶದಲ್ಲಿ ಅವಸರವಿಲ್ಲದೆ ಪ್ರದಕ್ಷಿಣೆ ಬರುತ್ತಿದ್ದವು. ಬೈಯುವುದಿರಲಿ, ಅವಳು ಉಸಿರಾಡುವುದನ್ನೂ ಮರೆತಳು. ಹಾಗೆ ಮೂರು ಸಲ ಆಯಿತು.

ಮೇಲೆ ಬಂದು ನೋಡಿದರೆ ಗೌಡನ ಮನೆ ಇರಲಿಲ್ಲ, ಅವನನ್ನು ಹಳಿದವರ ಮನೆಯೂ ಇರಲಿಲ್ಲ. ಬಿಸಿಲಿಗಿಟ್ಟ ಒಂದು ಹಸಿ ಮಡಕೆ ಇಟ್ಟಲ್ಲೇ ಇತ್ತು. ಅಜ್ಜಿಯ ಮನೆಯಿದ್ದಲ್ಲಿ ಹೊಸ್ತಿಲು ಮಾತ್ರ ಉಳಿದಿತ್ತು.

ಬದುಕಿದವರು ಬಂದು ಅಜ್ಜಿಯ ಸುತ್ತ ನಿಂತರು. ಈ ಗಾಳಿ ಯಾರದೆಂದು ಕೇಳಿದರು. ಅವಳು ನೈಋತ್ಯಕ್ಕೆ ಕೈ ತೋರಿಸಿದಳು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಮುಖವನ್ನೇ ನೋಡಿ ಕೇಳಿದರು:

"ನೀನು ಯಾರ ಹೆಸರನ್ನು ಮನಸ್ಸಿನಲ್ಲಿಟ್ಟುಕೊಂಡು ಬಂದೆ?"