ಅಣಕು ವಾದ

ಕಾನೂನು ಕಲಿಯಲು ಪಟ್ಟಣಕ್ಕೆ ಹೊರಟಿದ್ದ ಶಿಷ್ಯ ಕೊಟ್ರಯ್ಯ ಗುರುಗಳನ್ನು ಕೇಳಿದ: “ಕಲಿಯುವವರು ಅಭ್ಯಾಸಕ್ಕೆಂದು ಮಾಡುವ ವಾದಕ್ಕೆ ಅಣಕು ವಾದ ಎನ್ನುತ್ತಾರೆ. ಅಣಕ ಎಂದರೆ ಗೇಲಿ. ಅಲ್ಲಿ ಯಾರೂ ಯಾರನ್ನೂ ಗೇಲಿ ಮಾಡುವುದಿಲ್ಲವಲ್ಲ, ಆ ಹೆಸರೇಕೆ?”

ಗುರುಗಳು ಹೇಳಿದರು:

ಒಬ್ಬ ನೇಕಾರ ಸತ್ತ. ಅವನ ತಮ್ಮ ಅತ್ತಿಗೆಯನ್ನು ಮನೆಯಿಂದ ಹೊರಗೆ ಹಾಕಿ ಮಗ್ಗವನ್ನು ಇಟ್ಟುಕೊಂಡ. ಅವಳಿಗೆ ನೇಯುವುದು ಬಿಟ್ಟು ಬೇರೆ ಕೆಲಸ ಬಾರದು. ನ್ಯಾಯ ಕೇಳಲು ಪಟ್ಟಣಕ್ಕೆ ಬಂದಳು. ಒಂದು ದೊಡ್ಡ ಕಟ್ಟಡದಲ್ಲಿ ಕರಿ ನಿಲುವಂಗಿಯವರು ವಾದಿಸುತ್ತಿದ್ದುದನ್ನು ಕಂಡು ಅದೇ ನ್ಯಾಯಾಲಯವೆಂದುಕೊಂಡು ಒಳಗೆ ಹೋದಳು. ಅದು ಕಾನೂನು ಕಲಿಸುವ ಶಾಲೆ. ಅಲ್ಲಿಯ ಉಪಾಧ್ಯಾಯ ಅವಳ ಕತೆ ಕೇಳಿ, ಅಭ್ಯಾಸಕ್ಕೆ ಒಳ್ಳೆಯ ವ್ಯಾಜ್ಯ ಸಿಕ್ಕಿತೆಂದು ಶಿಷ್ಯರಿಗೆ ಒಪ್ಪಿಸಿದ.

ಅವಳ ಪರ ನಿಂತ ತರುಣ ಅವಳನ್ನು ಎದುರಿಗೆ ಕೂರಿಸಿಕೊಂಡು ಒಂದೊಂದನ್ನೇ ಕೇಳಿದ. ಗಂಡ ಸತ್ತ ಮೇಲೆ ಯಾರೂ ಅವಳನ್ನು ಅಷ್ಟು ಮಾತಾಡಿಸಿರಲಿಲ್ಲ. ಬಾಯಿ ತಾನಾಗಿ ಬಿಚ್ಚಿತು. ಮೈದುನ ಏನೋ ಒಂದು ಕಾಗದ ತಂದು ಹೆಬ್ಬೆಟ್ಟು ಒತ್ತಿಸಿಕೊಂಡಿದ್ದನ್ನೂ, ಅದರಲ್ಲೇನಿತ್ತೆಂದು ತನಗೆ ತಿಳಿಯದೆಂಬುದನ್ನೂ ಹೇಳಿಬಿಟ್ಟಳು.

ತರುಣ ವಾದಿಸಿದ. ಕೇಳಿದವರು ಕಣ್ಣೊರೆಸಿಕೊಂಡರು. ನ್ಯಾಯಾಧೀಶನಾಗಿ ಕೂತಿದ್ದ ಸಹಪಾಠಿ ಮಗ್ಗ ಅವಳದೇ ಎಂದು ತೀರ್ಪು ಕೊಟ್ಟ. ಚಪ್ಪಾಳೆಯಾಯಿತು. ಅವಳು ಎಲ್ಲರಿಗೂ ಕೈಮುಗಿದು ಊರಿಗೆ ಹೋದಳು. ಗಾಡಿ ಹೂಡಿಸಿಕೊಂಡು, ಹಾಡಹಗಲೇ ಮೈದುನನ ಮನೆ ಹೊಕ್ಕು ಮಗ್ಗ ಬಿಚ್ಚತೊಡಗಿದಳು. ಊರವರು ಕಳ್ಳಿಯೆಂದು ಹಿಡಿದು ಕಟ್ಟಿದರು.

ವ್ಯಾಜ್ಯ ನಿಜವಾದ ನ್ಯಾಯಾಲಯಕ್ಕೆ ಬರುವ ಹೊತ್ತಿಗೆ ತರುಣ ಓದು ಮುಗಿಸಿ ವಕೀಲನಾಗಿದ್ದ. ಮೈದುನ ತನ್ನ ಪರ ವಾದಿಸಲು ಅವನನ್ನೇ ಹಿಡಿದಿದ್ದ. ತರುಣ ಎದ್ದು ನಿಂತು ಹೆಬ್ಬೆಟ್ಟಿನ ಕಾಗದವನ್ನು ಮುಂದಿಟ್ಟ. ಮಗ್ಗವನ್ನು ಅವಳೇ ಬರೆದುಕೊಟ್ಟಿದ್ದಾಳೆಂದು ಸಾಧಿಸಲು ಬಹಳ ಹೊತ್ತು ಹಿಡಿಯಲಿಲ್ಲ.

ಕಟಕಟೆಯಲ್ಲಿ ನಿಂತಿದ್ದ ಅವಳು ಕೇಳಿದಳು: “ಯಪ್ಪಾ, ಮಗ್ಗ ನನ್ನದೇ ಅಂತ ಅವತ್ತು ಹೇಳಿದವನು ನೀನೇ ಅಲ್ಲವೇನಪ್ಪಾ?”

“ಅದು ಅಣಕು ವಾದ, ತಾಯಿ,” ಎಂದ ತರುಣ. ಕಳ್ಳತನಕ್ಕಾಗಿ ಅವಳಿಗೆ ಆರು ತಿಂಗಳು ಸೆರೆಯಾಯಿತು.

ಗುರುಗಳು ನಿಲ್ಲಿಸಿದರು. ಕೊಟ್ರಯ್ಯ ಕೇಳಿದ:

“ಗುರುಗಳೇ, ಇದರಲ್ಲಿ ತರುಣನ ತಪ್ಪೇನಿದೆ? ಶಾಲೆಯನ್ನು ನ್ಯಾಯಾಲಯವೆಂದುಕೊಂಡವಳು ಅವಳು. ಓದದೆ ಹೆಬ್ಬೆಟ್ಟು ಒತ್ತಿದವಳೂ ಅವಳೇ. ಕಾಗದವಂತೂ ಸುಳ್ಳಲ್ಲ. ವಕೀಲನಾದವನು ತನ್ನ ಕಕ್ಷಿಗಾರನ ಪರ ನಿಲ್ಲಲೇಬೇಕು.”

ಗುರುಗಳು ಅವನನ್ನೇ ನೋಡುತ್ತ ಹೇಳಿದರು: “ಸೆರೆಯಿಂದ ಬಂದವಳು ಎಲ್ಲಿಗೆ ಹೋದಳೆಂದು ಕೇಳುವ ಮೊದಲೇ ವಾದ ಹೂಡಿದೆಯಲ್ಲ, ಅಣಕು ಎಂಬ ಪದದ ಅರ್ಥ ಅದೇ.”