ನಿಂತವ್ವನ ದಿಬ್ಬ

ನಮ್ಮ ಸೀಮೆಯ ಬಡಗಣ ಬಯಲಿನಲ್ಲಿ, ಹರದಾರಿ ನಡೆದರೂ ಒಂದು ಮನೆ ಕಾಣದ ಕಡೆ, ನಡುವೆ ಸೀಳಿದ ದೊಡ್ಡ ಬಂಡೆಯೊಂದಿದೆ. ಅದರ ಮಗ್ಗುಲಿನ ಕಲ್ಲುದಿಬ್ಬಕ್ಕೆ ನಿಂತವ್ವನ ದಿಬ್ಬ ಎಂದು ಹೆಸರು. ಅಲ್ಲಿ ಯಾವುದೋ ದೇವತೆ ನಿಂತಿದ್ದಳೆಂದು ಹೊರಗಿನವರು ತಿಳಿಯುತ್ತಾರೆ. ನಿಂತವಳು ದೇವತೆಯಲ್ಲ, ಕೆಂಚವ್ವನೆಂಬ ಕುರಿಗಾರರ ಹೆಣ್ಣು ಎನ್ನುತ್ತಾರೆ ನಮ್ಮ ಹಿರಿಯರು.

ಹಿಂದೆ ಒಮ್ಮೆ ಈ ಬಯಲಿನಲ್ಲಿ ಇದ್ದದ್ದು ಅಣ್ಣತಮ್ಮಂದಿರ ಎರಡೇ ಮನೆ. ಅಣ್ಣನ ಹೆಂಡತಿ ಕೆಂಚವ್ವ, ತಮ್ಮನ ಹೆಂಡತಿ ಬಾಳವ್ವ. ಇಬ್ಬರೂ ಕಂಬಳಿ ನೇಯುವವರು. ಬಾಳವ್ವ ಮದುವೆಯಾಗಿ ಬರುವವರೆಗೆ ಕೆಂಚವ್ವನ ಕೈಕೆಲಸಕ್ಕೆ ಸಮನಿರಲಿಲ್ಲ. ಆಮೇಲೆ ಕಂಬಳಿ ಕೊಳ್ಳಲು ಬಂದವರು ಅವಳದನ್ನು ಮುಟ್ಟಿ ನೋಡಿ, ಮಡಿಸಿಟ್ಟು, ಬಾಳವ್ವನ ಮನೆಯ ಕಡೆ ನಡೆಯತೊಡಗಿದರು. ಅತ್ತೆ ಸಾಯುವ ಹೊತ್ತಿನಲ್ಲಿ ಚಳಿಯೆಂದು ನಡುಗಿದಾಗ ಕೆಂಚವ್ವ ತನ್ನ ಹೊಸ ಕಂಬಳಿ ಹೊದಿಸಿದಳು. ಮುದುಕಿ ಅದನ್ನು ಸರಿಸಿ, "ಬಾಳವ್ವಂದು ತಾರವ್ವ, ಅದು ಮೆತ್ತಗೈತಿ" ಎಂದಳು. ಕೆಂಚವ್ವ ತಂದು ಹೊದಿಸಿದಳು. ಅಂದಿನಿಂದ ವಾರಗಿತ್ತಿಯ ಜೊತೆ ಮಾತು ಬಿಟ್ಟಳು. ಆಚೆ ಮನೆಯಲ್ಲಿ ಮಗ್ಗದ ಸದ್ದು ಕೇಳಿದರೆ ಅವಳಿಗೆ ಅನ್ನ ಸೇರುತ್ತಿರಲಿಲ್ಲ. ಆ ಕೈ ಬಿದ್ದುಹೋಗಲಿ ಎಂದು ಮನಸ್ಸಿನಲ್ಲೇ ಎಷ್ಟೋ ಸಲ ಶಪಿಸಿದ್ದಳು.

ಗಂಡಸರು ಕುರಿ ಹೊಡೆದುಕೊಂಡು ದೂರ ಹೋಗಿದ್ದ ಒಂದು ಮಧ್ಯಾಹ್ನ ನೆಲ ನಡುಗಿತು. ಬಂಡೆ ಸೀಳಿತು. ಅಂಗಳದಲ್ಲಿದ್ದ ಕೆಂಚವ್ವ ಬಿದ್ದು ಎದ್ದು ನೋಡಿದರೆ ಎರಡು ಮನೆಯೂ ಇರಲಿಲ್ಲ. ಬಾಳವ್ವನ ಮನೆಯಿದ್ದ ಕಡೆಯ ಕಲ್ಲಿನ ರಾಶಿಯೊಳಗಿಂದ "ಅಕ್ಕಾ" ಎಂಬ ಕೂಗು ಬಂತು. ಕೆಂಚವ್ವ ಹತ್ತಿರ ಹೋದಳು, ಹೋಗಿ ಸುಮ್ಮನೆ ನಿಂತಳು. ಇನ್ನು ಆ ಮಗ್ಗ ಸದ್ದು ಮಾಡುವುದಿಲ್ಲ ಎಂಬ ಒಂದೇ ಯೋಚನೆ ಅವಳನ್ನು ಹಿಡಿದಿತ್ತು. ಕೂಗು ಸಣ್ಣದಾಗುತ್ತ ಅಡಗಿಹೋಯಿತು. ಆ ಮೌನ ಅವಳಿಗೆ ತಡೆಯಲಾಗಲಿಲ್ಲ. ಬರಿಗೈಯಲ್ಲಿ ಕಲ್ಲು ಎತ್ತಿಹಾಕತೊಡಗಿದಳು. ಹೊತ್ತು ಮುಳುಗುವಾಗ ಬಾಳವ್ವನನ್ನು ಜೀವಸಹಿತ ಹೊರಗೆಳೆದಳು. ಬಾಳವ್ವನ ಬಲಗೈ ಜಜ್ಜಿಹೋಗಿತ್ತು.

ಗಾಯ ಮಾಯುವವರೆಗೂ ಕೆಂಚವ್ವನೇ ಅವಳಿಗೆ ಉಣಿಸಿದಳು. ಸುದ್ದಿ ಕೇಳಿ ಬಂದವರೆಲ್ಲ ಹೊಗಳಿದರು. ಹೊಗಳಿಕೆ ತಾಳಲಾರದೆ ಒಂದು ದಿನ ಬಾಳವ್ವನ ಮುಂದೆ ಕುಳಿತು, "ನೀ ಕರದಾಗ ನಾ ಸುಮ್ಮನ ನಿಂತಿದ್ದೆ" ಎಂದಳು.

"ಗೊತ್ತೈತಕ್ಕ. ನಿನ್ನ ಬಳೆ ಸಪ್ಪಳ ಕೇಳಸ್ತಿತ್ತು" ಎಂದಳು ಬಾಳವ್ವ.

ಅಲ್ಲಿಂದಾಚೆ ಯಾರು ಹೆಸರು ಹಿಡಿದು ಕರೆದರೂ, ತನ್ನನ್ನು ನಿಂತವ್ವ ಅನ್ನಿರೆಂದು ಕೆಂಚವ್ವ ತಾನೇ ಹೇಳುತ್ತಿದ್ದಳಂತೆ.

ಈಗ ಅಲ್ಲಿ ಗುಡಿಯಿಲ್ಲ, ಪೂಜೆಯಿಲ್ಲ. ಇನ್ನೊಬ್ಬರ ಏಳಿಗೆ ಕಂಡು ಹೊಟ್ಟೆಯುರಿದವರು ಯಾರಿಗೂ ಹೇಳದೆ ಬಂದು, ಬಾಳವ್ವನ ಮನೆ ಬಿದ್ದು ಆದ ಆ ದಿಬ್ಬದಿಂದ ಒಂದು ಕಲ್ಲು ಎತ್ತಿ ಆಚೆ ಇಟ್ಟು ಹೋಗುತ್ತಾರೆ. ಆಚೆಯ ರಾಶಿ ಈಗ ದಿಬ್ಬಕ್ಕಿಂತ ಎತ್ತರವಾಗಿದೆ.